ಅಕ್ಕಿ ಒಳಗೆ ದಾಳಿ, ಅವನ ಬಂಧನ

ಆಗಸ್ಟ್ ೩, ರವಿವಾರ, ಬೆಳಗ್ಗೆ ೭-೧೦.

ಹನ್ನೊಂದು ಗಂಟೆಗೆ ಕಾಕು ಮನೆಗೆ ಹೋಗಬೇಕು. ಹೋಗುವಾಗ ಅವರ ಗಂಡನ ಧ್ವನಿಯನ್ನು ತೆಗೆದುಕೊಂಡು ಹೋಗಬೇಕು. ಕಾಕು ನನ್ನನ್ನು ಕೇಳಿದ್ದು ಅಷ್ಟೇ. ಅವರ ಗಂಡ, ಎಂದರೆ ರಾಯಬಾಗದಲ್ಲಿ ಬಸ್ ಸ್ಟ್ಯಾಂಡಿನ ಹಿಂದೆ ಟಿವಿ ಮತ್ತು ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದ, ನಮ್ಮ ಓಣಿಯವರೆಲ್ಲ ಕಾಕಾ ಎಂದು ಕರೆಯುತ್ತಿದ್ದ ಮನುಷ್ಯ, ಜುಲೈ ೧೯ರಂದು ತೀರಿಕೊಂಡರು. ಮನೆಯಲ್ಲಿ ಅವರ ಫೋಟೊಗಳಿವೆ. ಮಾತು ಎಲ್ಲಿಯೂ ಇಲ್ಲ. ಸಾವಿರಾರು ಫೋನುಗಳನ್ನು ಬಿಚ್ಚಿ ಜೋಡಿಸಿದವರ ಧ್ವನಿ ಒಂದು ಫೋನಿನಲ್ಲೂ ಇಲ್ಲ, ಏಕೆಂದರೆ ಯಾರಾದರೂ ವಿಡಿಯೊ ತೆಗೆಯಲು ಫೋನು ಎತ್ತಿದರೆ ಅವರು ಬಾಯಿ ಮುಚ್ಚಿ ಗೋಡೆಯ ಕಡೆ ತಿರುಗುತ್ತಿದ್ದರು.

ನನ್ನ ಫೋನಿನ ಮುಂದೆ ಮಾತ್ರ ಅವರು ಹನ್ನೊಂದು ಬೆಳಗು ಕುಳಿತು ಮಾತಾಡಿದ್ದರು. ಅದು ಫೆಬ್ರುವರಿಯಲ್ಲಿ, ನನ್ನ ಕೆಲಸದ ಸಲುವಾಗಿ. ಒಟ್ಟು ೨೧೨ ವಾಕ್ಯ. ಈಗ ಉಳಿದಿರುವುದು ೧೭. ಆ ಹದಿನೇಳು ಎಂಥವು ಎಂದು ನನಗೆ ಗೊತ್ತು, ಕಾಕುಗೆ ಗೊತ್ತಿಲ್ಲ. ಹನ್ನೊಂದು ಗಂಟೆಯವರೆಗೆ ಬೇರೆ ಏನು ಮಾಡುವುದೂ ಸಾಧ್ಯವಿಲ್ಲದ್ದರಿಂದ ಬರೆಯುತ್ತಿದ್ದೇನೆ.

ಬರೆಯಲು ಇನ್ನೊಂದು ಕಾರಣವೂ ಇದೆ. ಅವರು ತೀರಿದ ದಿನವೇ ನಮ್ಮ ಓಣಿಯ ವಾಟ್ಸಾಪ್ ಗುಂಪಿನಲ್ಲಿ ಒಂದು ಶ್ರದ್ಧಾಂಜಲಿ ಬಂತು. 'ತಂತ್ರಜ್ಞಾನ ಲೋಕದ ಧ್ರುವತಾರೆ, ನಾವೀನ್ಯತೆಯ ಹರಿಕಾರ, ಮೃದುಭಾಷಿ, ಸದಾ ಹಸನ್ಮುಖಿ' ಎಂದು ಶುರುವಾಗಿ ಎರಡು ದೀಪ, ಮೂರು ಹೂವು, ಕೈಮುಗಿದ ಚಿತ್ರದೊಂದಿಗೆ ಮುಗಿಯುತ್ತಿತ್ತು. ನಾನು ಎಣಿಸಿದೆ. ಒಂಬತ್ತು ಗುಣಗಳನ್ನು ಹೇಳಿದ್ದರು, ಒಂಬತ್ತೂ ಸುಳ್ಳು. ಕಳಿಸಿದವರನ್ನು ಕೇಳಿದರೆ, ಅದನ್ನು ತಾವು ಬರೆದದ್ದಲ್ಲ, ಫೋನಿಗೆ ಹೇಳಿದರೆ ಅದೇ ಎರಡು ಕ್ಷಣದಲ್ಲಿ ಬರೆದುಕೊಡುತ್ತದೆ ಎಂದು ಹೆಮ್ಮೆಯಿಂದ ಹೇಳಿದರು. ನಲವತ್ತೊಂದು ಜನ ಅದಕ್ಕೆ ಕೈಮುಗಿದಿದ್ದರು. ಕಾಕಾ ಬದುಕಿದ್ದು ಅದನ್ನು ಓದಿದ್ದರೆ ಏನು ಮಾಡುತ್ತಿದ್ದರೆಂದು ನನಗೆ ಖಾತ್ರಿಯಾಗಿ ಗೊತ್ತು. ನಾಲಿಗೆಯನ್ನು ಮೇಲಿನ ಹಲ್ಲಿಗೆ ಒತ್ತಿ, ಒಂದೇ ಸಲ, 'ಚ್ಚ್' ಎನ್ನುತ್ತಿದ್ದರು.

ಈ 'ಚ್ಚ್' ಬಗ್ಗೆ ಮೊದಲು ಹೇಳಬೇಕು. ಮಂದಿ ಮರುಕಕ್ಕೆ ಲೊಚಗುಟ್ಟುತ್ತಾರೆ, ಎರಡು ಮೂರು ಸಲ, ತಲೆ ಅಲ್ಲಾಡಿಸುತ್ತ. ಕಾಕಾ ಅವರದು ಅದಲ್ಲ. ಒಂದೇ ಒಂದು, ಒಣಗಿದ ಕಡ್ಡಿ ಮುರಿದಂತೆ. ಅದರ ನಂತರ ಆ ವಿಷಯದ ಬಗ್ಗೆ ಮಾತಿಲ್ಲ. ಗಿರಾಕಿ 'ಕಂಪ್ಯೂಟರಿಗೆ ವೈರಸ್ ಬಂದೈತ್ರಿ' ಎಂದರೆ ಚ್ಚ್. ಅವರ ಪ್ರಕಾರ ಈ ಐದು ತಾಲೂಕಿನಲ್ಲಿ ವೈರಸ್ಸಿನಿಂದ ಕೆಟ್ಟ ಕಂಪ್ಯೂಟರುಗಳಿಗಿಂತ ಧೂಳಿನಿಂದ ಕೆಟ್ಟವೇ ಹೆಚ್ಚು. ಮುಚ್ಚಳ ಬಿಚ್ಚಿದ ಕೂಡಲೇ ಅದು ಯಾವ ಊರಿನದು ಎಂದು ಹೇಳುತ್ತಿದ್ದರು. ಒಳಗೆ ಕರಿಯ ನುಣ್ಣನೆ ಬೂದಿ ಇದ್ದರೆ ಸಕ್ಕರೆ ಕಾರ್ಖಾನೆಯ ಹತ್ತಿರದ್ದು. ಹಳದಿ ಪುಡಿ ಇದ್ದರೆ ಅಥಣಿ ಕಡೆಯ ದ್ರಾಕ್ಷಿ ಬೆಳೆಯುವವರ ಮನೆಯದು, ಅದು ಔಷಧ ಹೊಡೆಯುವ ಗಂಧಕ. ಬಿಚ್ಚುವ ಮೊದಲೇ ಸೀನು ಬಂದರೆ ನಿಪ್ಪಾಣಿಯ ತಂಬಾಕಿನ ವಖಾರಿಯದು. ನಾನು ಅವರ ಅಂಗಡಿಯಲ್ಲಿ ಕುಳಿತಾಗ ಇಂಥ ಇಪ್ಪತ್ತಾರು ಊಹೆಗಳನ್ನು ಬರೆದುಕೊಂಡಿದ್ದೇನೆ. ತಪ್ಪಿದ್ದು ಎರಡು. ಅವೆರಡೂ ಸೆಕೆಂಡ್ ಹ್ಯಾಂಡ್ ಮಾಲು.

ದಸರೆಯ ಖಂಡೆ ಪೂಜೆಯ ಮರುವಾರ ಅವರಿಗೆ ಅತಿ ಹೆಚ್ಚು ಕೆಲಸ. ಕೀಬೋರ್ಡಿನೊಳಗೆ ಕುಂಕುಮ, ಫ್ಯಾನಿನಲ್ಲಿ ಊದಿನಕಡ್ಡಿಯ ಬೂದಿ. ಒಂದು ವರ್ಷ ಕಾಗವಾಡ ಕಡೆಯ ಯಾವುದೋ ಕಚೇರಿಯವರು ಯಂತ್ರದ ತಲೆಯ ಮೇಲೆಯೇ ತೆಂಗಿನಕಾಯಿ ಒಡೆದು, ನೀರು ಒಳಗಿಳಿದು, ಹೊಗೆ ಬಂದ ಮೇಲೆ ಅದನ್ನು ಹೂವಿನ ಹಾರದ ಸಮೇತ ತಂದಿದ್ದರಂತೆ. ತಂದವರು ಗಾಬರಿಯಲ್ಲಿದ್ದರು. 'ದೇವರ ಪ್ರತ್ಯಕ್ಷ ಆದಂಗಾತಲ್ರಿ' ಎಂದು ಹೇಳಿ ಕಾಕಾ ಆ ಮಂದಿಯನ್ನು ವಾಪಸು ಕಳಿಸಿದ್ದರು.

ಗಿರಾಕಿಗಳೊಂದಿಗೆ ಅವರ ನಡವಳಿಕೆ ಹೀಗೆ ಇತ್ತು. ಅವರ ಅಂಗಡಿಗೆ ಬೋರ್ಡು ಇರಲಿಲ್ಲ. ಅದಕ್ಕೇ ಇಲ್ಲಿಯೂ ಅವರ ಹೆಸರು ಬರೆಯುತ್ತಿಲ್ಲ. ಬೇಕಾದವರು ಹುಡುಕಿಕೊಂಡು ಬರಲಿ ಎನ್ನುವುದು ಅವರ ರೀತಿ.

ರಿಪೇರಿಗೆ ಬರುವ ಮೊದಲು, ನಾನು ಹುಟ್ಟುವುದಕ್ಕೂ ಮುಂಚೆ, ಅವರು ವಿಸಿಆರ್ ಬಾಡಿಗೆಗೆ ಕೊಡುತ್ತಿದ್ದರು. ಟಿವಿಯನ್ನು ಗೋಣಿಚೀಲದಲ್ಲಿ ಸುತ್ತಿ ಲೂನಾದ ಹಿಂದೆ ಕಟ್ಟಿ ಐಗಳಿ, ಶೇಡಬಾಳ ಎಂದು ಊರೂರಿಗೆ ಹೋಗುತ್ತಿದ್ದರು. ನನ್ನ ಅವ್ವನ ತವರು ಐಗಳಿ. ಅವಳು ಲಂಗ ತೊಡುವ ವಯಸ್ಸಿನಲ್ಲಿ ಅವರ ಆಟಗಳನ್ನು ನೋಡಿದ್ದಾಳೆ. ಕನ್ನಡ ಪಿಕ್ಚರು ಒಂದಿದ್ದರೆ ಇಂಗ್ಲಿಷಿನದು ಒಂದು ತರುತ್ತಿದ್ದರು, ಅದರಲ್ಲೂ ಆಕಾಶದ ಹಡಗು, ಮಾತಾಡುವ ಯಂತ್ರ, ಬೇರೆ ಗ್ರಹದ ಪ್ರಾಣಿ ಇಂಥವೇ. ಇಂಗ್ಲಿಷ್ ಯಾರಿಗೂ ಬರುತ್ತಿರಲಿಲ್ಲ, ಅವರಿಗೂ ಬರುತ್ತಿರಲಿಲ್ಲ. ಟಿವಿಯ ಪಕ್ಕದಲ್ಲಿ ಕಬ್ಬಿನ ತುಂಡು ಹಿಡಿದು ನಿಂತು ಕಥೆ ಹೇಳುತ್ತಿದ್ದರು. ಹೇಳುವುದೇನು, ಬೈಯುತ್ತಿದ್ದರು. ಪಿಕ್ಚರಿನಲ್ಲಿ ಒಂದು ದೊಡ್ಡ ಯಂತ್ರ ಕೆಂಪು ದೀಪ ಹೊತ್ತಿಸಿಕೊಂಡು ದಪ್ಪ ಧ್ವನಿಯಲ್ಲಿ ಮನುಷ್ಯರನ್ನು ಹೆದರಿಸಿದರೆ ಇವರು ಕಬ್ಬಿನಿಂದ ಅದರ ಬೆನ್ನು ತೋರಿಸಿ, 'ನಾ ಎಲ್ಲಾ ಬಲ್ಲೆ ಅಂತೈತ್ರಿ ಇದು. ಎಲ್ಲಾ ಬಲ್ಲದ್ದು ತನ್ನ ಪ್ಲಗ್ ಎಲ್ಲೈತಿ ಅಂತ ನೋಡಿಕೊಂಡಿಲ್ಲ' ಎನ್ನುತ್ತಿದ್ದರಂತೆ. ಅವ್ವ ಹೇಳುತ್ತಾಳೆ, ಜನ ಪಿಕ್ಚರ್ ನೋಡಲು ಬರುತ್ತಿರಲಿಲ್ಲ, ಪಿಕ್ಚರಿಗೆ ಅವರು ಬೈಯುವುದನ್ನು ಕೇಳಲು ಬರುತ್ತಿದ್ದರು. ಮುಗಿದ ಮೇಲೆ ಕೊನೆಗೆ ಒಂದು ಚ್ಚ್. ಆಮೇಲೆ ಹೊರಡುವುದು. ಮಕ್ಕಳು ಮರುದಿನ ಇಡೀ ಊರಿನಲ್ಲಿ ಚ್ಚ್ ಎನ್ನುತ್ತ ತಿರುಗುತ್ತಿದ್ದವು.

ಆ ಜಾತಿಯ ಪಿಕ್ಚರುಗಳ ಬಗ್ಗೆ ಅವರ ತಿರಸ್ಕಾರ ವಯಸ್ಸಾದಂತೆ ಕಡಿಮೆಯಾಗಲಿಲ್ಲ, ಗಟ್ಟಿಯಾಯಿತು. ನೋಡುವುದನ್ನೂ ಬಿಡಲಿಲ್ಲ. ಯಾವುದೇ ಹೊಸದು ಬಂದರೂ ಹಿಂದಿಯಲ್ಲೋ ಮರಾಠಿ ಅಕ್ಷರ ಹಾಕಿದ್ದೋ ಫೋನಿಗೆ ಇಳಿಸಿಕೊಂಡು ಅಂಗಡಿಯಲ್ಲಿ ಸೋಲ್ಡರಿಂಗ್ ಮಾಡುತ್ತಲೇ ನೋಡುತ್ತಿದ್ದರು. ಅವರ ತಕರಾರುಗಳನ್ನು ನಾನು ಒಂದು ಪುಟದಲ್ಲಿ ಬರೆದಿಟ್ಟಿದ್ದೇನೆ. ಭವಿಷ್ಯದ ಮನೆಗಳಲ್ಲಿ ಯಾರೂ ಕಸ ಗುಡಿಸುವುದಿಲ್ಲ. ಯಾವ ಹಡಗಿನಲ್ಲೂ ಒಬ್ಬ ವಾಯರ್‌ಮನ್ ಇರುವುದಿಲ್ಲ, ಎಲ್ಲರೂ ಕಮಾಂಡರುಗಳು. ಕರೆಂಟು ಹೋಗುವುದು ಕಥೆಗೆ ಬೇಕಾದಾಗ ಮಾತ್ರ. ಬೇರೆ ಗ್ರಹದವರು ಯಾವಾಗಲೂ ಒಂದೇ ದೇಶದಲ್ಲಿ ಇಳಿಯುತ್ತಾರೆ. 'ನಮ್ಮ ಕಬ್ಬಿನ್ಯಾಗ ಇಳದಿದ್ರ ಕೈಯಾಗ ಕೋಯ್ತಾ ಕೊಟ್ಟು ಕಡ್ಯಾಕ ಹಚ್ಚತಿದ್ವಿ' ಎಂದು ಇದರ ಮುಂದೆ ಬರೆದುಕೊಂಡಿದ್ದೇನೆ.

ಅವರ ಅತಿ ದೊಡ್ಡ ತಕರಾರು ಎರಡು. ಒಂದು, ಯಂತ್ರಕ್ಕೆ ಸಿಟ್ಟು ಬರುತ್ತದೆ ಎನ್ನುವುದು. ಒಂದು ದಿನ ನಾನು ಫೋನಿನಲ್ಲಿ ಯಾವನೋ ಕೋಟು ಹಾಕಿದ ಪಂಡಿತನ ಮಾತು ಕೇಳುತ್ತಿದ್ದೆ. ಯಂತ್ರಗಳು ಒಂದು ದಿನ ನಮ್ಮ ಮೇಲೆ ತಿರುಗಿ ಬೀಳುತ್ತವೆ ಎಂದು ಅವನು ಹೇಳುತ್ತಿದ್ದ. ಕಾಕಾ ತಲೆ ಎತ್ತದೆ ಹೇಳಿದರು:

"ಮಶೀನಿಗೆ ಸಿಟ್ಟ ಬರೂದಿಲ್ಲವಾ. ಬಂದಿದ್ರ ಚಲೋ ಇತ್ತು. ಹೇಳಿದ್ದ ಮಾಡತೈತಿ ನೋಡು, ಅದಕ್ಕ ಅಂಜಬೇಕ."

ಎರಡನೆಯದು ಭಾಷೆ. ಯಾವ ನಕ್ಷತ್ರದಿಂದ ಬಂದವನೇ ಇರಲಿ, ಯಾವ ಯಂತ್ರವೇ ಇರಲಿ, ಎಲ್ಲರ ಮಾತೂ ಅದಕ್ಕೆ ತಿಳಿಯುತ್ತದೆ. ಒಂದಕ್ಕೂ ನಿಪ್ಪಾಣಿಯ ಮಾತು ತಿಳಿದದ್ದನ್ನು ನಾನು ಕಾಣೆ, ಅಥಣಿಯದು ಕಾಣೆ ಎನ್ನುತ್ತಿದ್ದರು. ಕಾಕು ನಿಪ್ಪಾಣಿಯವರು, ಮನೆಮಾತು ಮರಾಠಿ. ಗಂಡಹೆಂಡಿರು ಜಗಳ ಶುರುಮಾಡುವುದು ಕನ್ನಡದಲ್ಲಿ, ಮುಗಿಸುವುದು ಮರಾಠಿಯಲ್ಲಿ. ಇಂಥ ಮನೆಯಲ್ಲಿ ಮಾತಾಡುವ ಯಂತ್ರವನ್ನು ಒಂದು ವಾರ ಇಟ್ಟರೆ ಅದೇ ತನ್ನ ಪ್ಲಗ್ ಕಿತ್ತುಕೊಳ್ಳುತ್ತದೆ ಎಂದು ಅವರ ಅಂದಾಜು.

ಅವರನ್ನು ಹೊಗಳಲು ನಾನು ಕುಳಿತಿಲ್ಲ. ಧ್ರುವತಾರೆ ಎಂದು ಬರೆದವರ ಸಾಲಿಗೆ ನಾನು ಸೇರಬಾರದು. ಅವರು ಸಾಕಷ್ಟು ತಪ್ಪುಗಳನ್ನು ಅಷ್ಟೇ ಗಟ್ಟಿಯಾಗಿ ಹೇಳಿದ್ದಾರೆ. ಅವರ ಭವಿಷ್ಯವಾಣಿಗಳ ಲೆಕ್ಕ ನನ್ನ ಬಳಿ ಇದೆ: ಒಟ್ಟು ೨೩. ನಿಜವಾದದ್ದು ೬, ಸುಳ್ಳಾದದ್ದು ೧೪, ಇನ್ನೂ ತೀರ್ಮಾನವಾಗದ್ದು ೩. ಮೊಬೈಲು ಒಂದು ಹುಚ್ಚು, ಎರಡು ವರ್ಷದಲ್ಲಿ ಇಳಿಯುತ್ತದೆ ಎಂದಿದ್ದರಂತೆ. ಅಂಗೈಯಗಲದ ಪರದೆಯಲ್ಲಿ ಯಾರೂ ಪಿಕ್ಚರ್ ನೋಡುವುದಿಲ್ಲ ಎಂದಿದ್ದರಂತೆ. ನಾನು ಅದನ್ನು ನೆನಪಿಸಿದ ದಿನ ಅವರ ಕೈಯಲ್ಲೇ ಅಂಗೈಯಗಲದ ಪಿಕ್ಚರ್ ಓಡುತ್ತಿತ್ತು. ಅವರು ಸೋಲಲಿಲ್ಲ.

"ನಾ ಮಂದಿ ಶಾಣ್ಯಾ ಅದಾರಂತ ಹಿಡಿದು ಹೇಳಿದ್ದೆ. ತಪ್ಪಾಗಿದ್ದು ಅಲ್ಲಿ."

ನನ್ನ ದಿನಚರಿಯನ್ನೂ ಅವರು ಬಿಡಲಿಲ್ಲ. ನಾನು ದಿನಾಂಕ, ಗಂಟೆ, ಎಣಿಕೆ ಬರೆಯುವುದನ್ನು ನೋಡಿ, 'ನೀ ಹುಡುಗಿ ಅಲ್ಲ ಬೇ, ಮೀಟರ್ ಅದಿ' ಎಂದರು. ಚಿಕ್ಕೋಡಿಯಲ್ಲಿ ಬಿಸಿಎ ಮುಗಿಸಿ ಬಂದವಳು ಎಂಬ ಗೌರವ ಅವರಲ್ಲಿ ಎಳ್ಳಷ್ಟೂ ಇರಲಿಲ್ಲ. ಮೂರು ವರ್ಷ ಕಂಪ್ಯೂಟರ್ ಕಲಿತವಳು ಸ್ಕ್ರೂಡ್ರೈವರನ್ನು ಚಮಚದಂತೆ ಹಿಡಿಯುತ್ತಾಳೆ ಎಂದು ಗಿರಾಕಿಗಳ ಮುಂದೆ ತೋರಿಸುತ್ತಿದ್ದರು.

ಈಗ ಫೆಬ್ರುವರಿಯ ವಿಷಯಕ್ಕೆ ಬರುತ್ತೇನೆ.

ನನಗೆ ಮನೆಯಿಂದಲೇ ಮಾಡುವ ಒಂದು ಕೆಲಸ ಸಿಕ್ಕಿತ್ತು. ಯಂತ್ರಗಳಿಗೆ ಕನ್ನಡ ಕೇಳಿ ಬರೆದುಕೊಳ್ಳಲು ಕಲಿಸುವ ಕೆಲಸ. ಕಂಪನಿಯ ಹೆಸರು ಬೇಡ. ಊರೂರಿನ ಜನರ ಧ್ವನಿ ಹಿಡಿಯಬೇಕು, ಅದು ಫೋನಿನಲ್ಲಿ ಉಳಿಯದೆ ನೇರ ಕಂಪನಿಗೆ ಹೋಗುತ್ತದೆ, ಯಂತ್ರ ಅದನ್ನು ಅಕ್ಷರಕ್ಕಿಳಿಸುತ್ತದೆ, ನಾನು ಪರಿಶೀಲಿಸಿ ಹಸಿರು ಅಥವಾ ಕೆಂಪು ಗುಂಡಿ ಒತ್ತಬೇಕು. ಹಸಿರೆಂದರೆ ಸ್ವೀಕೃತ, ಕೆಂಪೆಂದರೆ ತಿರಸ್ಕೃತ. ಸೂಚನೆಯ ಮೊದಲ ಸಾಲಿನಲ್ಲಿ 'ನಿಮ್ಮ ಸಹಜ ಶೈಲಿಯಲ್ಲಿ ಮಾತಾಡಿ' ಎಂದಿತ್ತು. ನಾಲ್ಕನೆಯ ಪುಟದಲ್ಲಿ, ಪದಪಟ್ಟಿಯಲ್ಲಿ ಇಲ್ಲದ ಪದ ಬಂದರೆ 'ಅಶುದ್ಧ ಉಚ್ಚಾರಣೆ' ಎಂದು ಗುರುತಿಸಿ ತಿರಸ್ಕರಿಸಿ ಎಂದಿತ್ತು. ಪದಪಟ್ಟಿಯಲ್ಲಿ 'ಐತಿ' ಇರಲಿಲ್ಲ. ಇದನ್ನು ನಾನು ಕೆಲಸಕ್ಕೆ ಸೇರಿದ ದಿನವೇ ಗಮನಿಸಿದ್ದೆ. ಏನೂ ಹೇಳಲಿಲ್ಲ.

ಅರವತ್ತು ದಾಟಿದ ಒಬ್ಬ ಗಂಡಸಿನ ಧ್ವನಿ ಬೇಕಿತ್ತು. ಕಾಕಾ ಅವರನ್ನು ಕೇಳಿದೆ. ಅದರ ಮುಂದೆ ನಾನೇಕೆ ಮಾತಾಡಲಿ, ಅದೇನು ನನ್ನ ಬೀಗನೇ ಎಂದು ಅಟ್ಟಿದರು. ಎರಡು ದಿನ ಬಿಟ್ಟು ಅವರೇ ನಮ್ಮ ಮನೆಯ ಬಾಗಿಲಿಗೆ ಬಂದರು. ಒಗೆದ ಅಂಗಿ ಹಾಕಿದ್ದರು. ಗಡ್ಡ ಮಾಡಿಸಿದ್ದರು, ಧ್ವನಿ ಮಾತ್ರ ಹಿಡಿಯುವುದು ಎಂದು ಗೊತ್ತಿದ್ದೂ.

"ಒಂದರೆ ಮಶೀನ ನಮ್ಮ ಮಾತ ಕಲ್ತು ಸಾಯ್ಲಿ. ನಡಿ."

ಇದನ್ನು ಅವರು ಬೈಗುಳದ ಧಾಟಿಯಲ್ಲೇ ಹೇಳಿದರು. ಆದರೆ ಆ ಹನ್ನೊಂದು ದಿನ ಒಂದು ದಿನವೂ ತಡವಾಗಿ ಬಂದವರಲ್ಲ. ಬೆಳಗ್ಗೆ ಏಳಕ್ಕೆ ಅಂಗಡಿಯ ಅರ್ಧ ಶಟರ್ ಇಳಿಸಿ, ಫ್ಯಾನು ನಿಲ್ಲಿಸಿ ಕಾಯುತ್ತಿದ್ದರು. ಹೊರಗೆ ಕಂಡಕ್ಟರು 'ಅಥಣಿ, ಅಥಣಿ' ಎಂದು ಕೂಗಿದರೆ ಸುಮ್ಮನಾಗಿ, ಬಸ್ಸು ಹೋದ ಮೇಲೆ ವಾಕ್ಯವನ್ನು ಮೊದಲಿನಿಂದ ಹೇಳುತ್ತಿದ್ದರು. ನಲವತ್ತು ವರ್ಷ ಯಂತ್ರಗಳಿಗೆ ಬೈದ ಮನುಷ್ಯ ಒಂದು ಯಂತ್ರಕ್ಕೆ ಇಷ್ಟು ಮರ್ಯಾದೆ ಕೊಟ್ಟದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಪರದೆಯ ಮೇಲೆ ಒಂದು ಸಂದರ್ಭ ಬರುತ್ತಿತ್ತು, ಅದಕ್ಕೆ ತಕ್ಕಂತೆ ಅವರು ಮಾತಾಡಬೇಕು. ಮೊದಲನೆಯದು: ಮನೆಗೆ ಬಂದವರು ನಿಮ್ಮ ಮನೆಯವರನ್ನು ಕೇಳಿದರೆ ಏನು ಹೇಳುತ್ತೀರಿ? ಅವರು ಗಂಟಲು ಸರಿಮಾಡಿಕೊಂಡು ಹೇಳಿದರು: ಅಕಿ ಒಳಗ ಅದಾಳ. ಕಂಪನಿಯ ಯಂತ್ರ ಬರೆದದ್ದು: ಅಕ್ಕಿ ಒಳಗೆ ದಾಳಿ. ಎರಡನೆಯದು: ನೀವು ಕಾಯುತ್ತಿದ್ದ ಮನುಷ್ಯ ಬಂದುದನ್ನು ಹೇಗೆ ತಿಳಿಸುತ್ತೀರಿ? ಅಂವ ಬಂದಾನ. ಯಂತ್ರ: ಅವನ ಬಂಧನ.

ನಾನು ಓದಿ ಹೇಳಿದೆ. ಕಾಕಾ ಶಟರ್ ಅಲುಗುವಂತೆ ನಕ್ಕರು.

"ಅಲ್ಲಲೇ, ನನ್ನ ಹೆಂಡ್ತಿ ಒಳಗ ಅದಾಳಂದ್ರ ರೇಶನ್ ಅಂಗಡಿ ಮ್ಯಾಲ ರೇಡ್ ಆತು. ಬೀಗ ಬಂದಾನಂದ್ರ ಅರೆಸ್ಟ್ ಆತು. ಇದು ಮಶೀನೋ ಪೊಲೀಸ್ ಸ್ಟೇಶನ್ನೋ?"

ಮೊದಲ ದಿನ ಹದಿನೆಂಟು ವಾಕ್ಯ, ಹದಿನೆಂಟೂ ಕೆಂಪು. ಗುಂಡಿ ಒತ್ತಿದವಳು ನಾನು. ಒತ್ತುವಾಗ ಅವರು ಪಕ್ಕದಲ್ಲೇ ಕುಳಿತು ನನ್ನ ಹೆಬ್ಬೆರಳನ್ನು ನೋಡುತ್ತಿದ್ದರು. ಮರುದಿನವೂ ನಕ್ಕರು. ಮೂರನೆಯ ದಿನ ನಗಲಿಲ್ಲ. ಸ್ವಲ್ಪ ಬಿಡಿಸಿ ಹೇಳಿದರು, ಅಕ್ಷರ ಅಕ್ಷರ ಜಗ್ಗಿ, ಕಿವುಡರಿಗೆ ಹೇಳಿದಂತೆ. ಕೆಂಪು. ನಾಲ್ಕನೆಯ ದಿನ ಕನ್ನಡಕ ತೆಗೆದಿಟ್ಟು ಫೋನಿನ ಹತ್ತಿರ ಬಾಗಿ ಹೇಳಿದರು. ಕೆಂಪು. ಮಾತು ಬಾರದ ಮಗುವಿಗೆ ಕಲಿಸುವ ತಾಳ್ಮೆ ಅವರಲ್ಲಿ ಇತ್ತೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಐದನೆಯ ದಿನ ನಾನು ಮೇಲ್ವಿಚಾರಕಿಗೆ ಫೋನು ಮಾಡಿದೆ. ಕಾಕಾ ಸ್ಪೀಕರ್ ಹಾಕಿಸಿದರು. ಆಕೆ ಬಹಳ ಸೌಜನ್ಯದಿಂದ ಹೇಳಿದಳು:

"ಅಂಕಲ್‌ಗೆ ಸ್ವಲ್ಪ ನಾರ್ಮಲ್ ಕನ್ನಡದಲ್ಲಿ ಮಾತಾಡೋಕೆ ಹೇಳಿ, ಪ್ಲೀಸ್."

"ನಾರ್ಮಲ್ ಅಂದ್ರ ಯಾವ ತಾಲೂಕ್ ಬರತೈತ್ರಿ ಬಾಯಾರ?" ಎಂದು ಕಾಕಾ ಅಷ್ಟೇ ಸೌಜನ್ಯದಿಂದ ಕೇಳಿದರು.

ಆಕೆ ಅದನ್ನು ತಮಾಷೆ ಎಂದುಕೊಂಡು ನಕ್ಕು ಫೋನಿಟ್ಟಳು. ನಾನು ಆ ದಿನದ ಇಪ್ಪತ್ತೊಂದಕ್ಕೂ ಕೆಂಪು ಒತ್ತಿದೆ. ಒತ್ತದೆ ಇರಬಹುದಿತ್ತು. ಒಂದು ವಾರ ಹಸಿರು ಒತ್ತಿದ್ದರೆ ಯಾರೋ ಮೇಲಿನವರು ನೋಡಿ ನನ್ನನ್ನು ಕೇಳುತ್ತಿದ್ದರು, ನಾನು ಉತ್ತರ ಕೊಡಬೇಕಾಗುತ್ತಿತ್ತು, ಅಷ್ಟೇ. ಆದರೆ ನಾಲ್ಕನೆಯ ಪುಟದಲ್ಲಿ ಹಾಗೆ ಬರೆದಿತ್ತು, ನಾನು ಹಾಗೆ ಮಾಡಿದೆ. 'ಹೇಳಿದ್ದ ಮಾಡತೈತಿ ನೋಡು' ಎಂದು ಅವರು ಯಾರ ಬಗ್ಗೆ ಹೇಳಿದ್ದರೋ. ನನಗೆ ಅದು ಆಗ ಹೊಳೆಯಲಿಲ್ಲ.

ಒಂದು ಕೆಲಸ ಮಾತ್ರ ಮಾಡಿದೆ, ಅದೂ ಚಟದಿಂದ. ತಿರಸ್ಕರಿಸಿದ ಪ್ರತಿ ವಾಕ್ಯವನ್ನೂ ದಿನಚರಿಯಲ್ಲಿ ಬರೆದುಕೊಂಡೆ: ಗಂಟೆ, ಅವರು ಹೇಳಿದ್ದು, ಯಂತ್ರ ಕೇಳಿಸಿಕೊಂಡದ್ದು.

ಹತ್ತನೆಯ ದಿನದ ಹೊತ್ತಿಗೆ ಕೆಂಪಿನ ಲೆಕ್ಕ ೧೯೫. ಅಂದು ಅವರು ಎದ್ದು ಶಟರ್ ಎತ್ತುತ್ತ ಕೇಳಿದರು:

"ಆ ಕೆಂಪೂವೆಲ್ಲಾ ಎಲ್ಲಿ ಹೋಗತಾವ?"

"ಅರವತ್ತ ದಿವಸ ಇಟ್ಟು ಅಳಸತಾರ್ರಿ ಕಾಕಾ."

"ಅಂದ್ರ ನಾ ಅರವತ್ತ ದಿವಸದಾಂವ." ಶಟರ್ ಪೂರ್ತಿ ಮೇಲೆ ತಳ್ಳಿ, "ಬರೋಬ್ಬರಿ ಐತಿ" ಎಂದರು.

ಹನ್ನೊಂದನೆಯ ದಿನ ಬಂದು ಕುಳಿತವರೇ ಬೆನ್ನು ನೆಟ್ಟಗೆ ಮಾಡಿ, ಗಲ್ಲ ಎತ್ತಿ, ವಾರ್ತೆ ಓದುವವರ ಧ್ವನಿಯಲ್ಲಿ ಶುರುಮಾಡಿದರು. 'ಆಕೆಯು ಒಳಗೆ ಇದ್ದಾಳೆ. ಆತನು ಬಂದಿದ್ದಾನೆ. ದಯವಿಟ್ಟು ಕುಳಿತುಕೊಳ್ಳಿ, ಚಹಾವನ್ನು ಸೇವಿಸಿ.' ಕಣ್ಣು ಅರೆಮುಚ್ಚಿದ್ದರು. ಒಂದೊಂದು ಅಕ್ಷರಕ್ಕೂ ಇಸ್ತ್ರಿ ಹಾಕಿದ್ದರು. ಐಗಳಿಯಲ್ಲಿ ಕಬ್ಬು ಹಿಡಿದು ಕೆಂಪು ದೀಪದ ಯಂತ್ರವನ್ನು ಅಣಕಿಸಿದ ಮನುಷ್ಯ ಅಂದು ನಮ್ಮನ್ನೆಲ್ಲ ಅಣಕಿಸಿದರು, ಕಂಪನಿಯನ್ನು, ಮೇಲ್ವಿಚಾರಕಿಯನ್ನು, ನನ್ನನ್ನು. ಯಂತ್ರ ಒಂದಕ್ಷರ ತಪ್ಪದೆ ಬರೆದುಕೊಂಡಿತು. ಹದಿನೇಳು ವಾಕ್ಯ, ಹದಿನೇಳೂ ಹಸಿರು. ಸಂಜೆ ಕಂಪನಿಯಿಂದ ಸಂದೇಶ ಬಂತು: 'ಅತ್ಯುತ್ತಮ ಗುಣಮಟ್ಟದ ಧ್ವನಿ. ಇಂಥವರನ್ನು ಇನ್ನಷ್ಟು ಹುಡುಕಿ.'

ಅದನ್ನು ಅವರಿಗೆ ತೋರಿಸಿದೆ. ಚ್ಚ್ ಎಂದರು. ಮತ್ತೆ ಅವರು ಆ ಫೋನಿನ ಮುಂದೆ ಕುಳಿತುಕೊಳ್ಳಲಿಲ್ಲ. ನನ್ನೊಂದಿಗೆ ಎಂದಿನಂತೆ ಮಾತಾಡಿದರು, ಎಂದಿನಂತೆ ಬೈದರು. ಆದರೆ 'ಮೀಟರ್' ಎನ್ನುವುದನ್ನು ಬಿಟ್ಟು 'ಮಶೀನ' ಎಂದು ಕರೆಯತೊಡಗಿದರು. 'ಬಾ ಮಶೀನ, ಚಾ ಕುಡಿ.' ಎಷ್ಟು ಸಲ ಎಂದು ಎಣಿಸಿಲ್ಲ. ನಾನು ಎಣಿಸದೆ ಬಿಟ್ಟದ್ದು ಅದೊಂದೇ.

ಕಾಕು ಧ್ವನಿ ಕೇಳಿದ ಮೇಲೆ ಮೊನ್ನೆ ಕಂಪನಿಗೆ ಬರೆದೆ. ತಿರಸ್ಕೃತ ಕಡತಗಳು ನಿಯಮದಂತೆ ಅಳಿಸಲ್ಪಟ್ಟಿವೆ ಎಂದು ಉತ್ತರ ಬಂತು, ಸ್ವೀಕೃತವಾದ ಹದಿನೇಳನ್ನು ಮಾತ್ರ ಕಳಿಸಿದ್ದರು. ನಿಮ್ಮ ಅನುಭವಕ್ಕೆ ಐದರಲ್ಲಿ ಎಷ್ಟು ನಕ್ಷತ್ರ ಕೊಡುತ್ತೀರಿ ಎಂದು ಕೆಳಗೆ ಕೇಳಿದ್ದರು.

ಈಗ ೧೦-೪೦. ಹೊರಡುತ್ತೇನೆ.

ಮಧ್ಯಾಹ್ನ ೨-೩೫. ಹೋಗಿ ಬಂದೆ.

ಕಾಕು ಒಬ್ಬರೇ ಇದ್ದರು. ನೆಲದ ಮೇಲೆ ಚಾಪೆ ಹಾಕಿ, ಫೋನು ಇಡಲು ಮಣೆಯ ಮೇಲೆ ಬಟ್ಟೆ ಹಾಸಿಟ್ಟಿದ್ದರು. ನಾನು ಹದಿನೇಳನ್ನೂ ಒಂದರ ಹಿಂದೆ ಒಂದು ಹಚ್ಚಿದೆ. ಮೊದಲೇ ಹೇಳಿಬಿಡಬೇಕು ಎಂದುಕೊಂಡಿದ್ದೆ, ಹೇಳಲು ಆಗಲಿಲ್ಲ. 'ಆಕೆಯು ಒಳಗೆ ಇದ್ದಾಳೆ' ಬಂತು. 'ಚಹಾವನ್ನು ಸೇವಿಸಿ' ಬಂತು. ಕಾಕು ತಲೆ ಒಂದು ಕಡೆ ವಾಲಿಸಿ, ಬಾಗಿಲಿಗೆ ಬಂದವರು ಯಾರೆಂದು ಗುರುತು ಹಿಡಿಯುವವರಂತೆ ಕೇಳುತ್ತಿದ್ದರು. ಐದನೆಯದರ ಹೊತ್ತಿಗೆ ನನ್ನ ಮುಖ ನೋಡಿದರು.

"ಹೇ ತೇ ನವ್ಹೇತ," ಎಂದರು ಮರಾಠಿಯಲ್ಲಿ. ಇವರು ಅವರಲ್ಲ.

ನಾನು ಆಗ ಎಲ್ಲವನ್ನೂ ಹೇಳಿದೆ. ಪದಪಟ್ಟಿ, ನಾಲ್ಕನೆಯ ಪುಟ, ಕೆಂಪು, ಹನ್ನೊಂದನೆಯ ದಿನ. ೧೯೫ ಸಲ ಒತ್ತಿದವಳು ನಾನೇ ಎಂದೂ ಹೇಳಿದೆ. ಹೇಳುತ್ತಿರುವಾಗ ಫೋನು ತನ್ನಷ್ಟಕ್ಕೆ ಓಡುತ್ತಲೇ ಇತ್ತು, ನಿಲ್ಲಿಸಲು ನನಗೆ ತೋಚಲಿಲ್ಲ. ಕಾಕು ನನ್ನ ಮಾತು ಕೇಳಿಸಿಕೊಳ್ಳುತ್ತಿದ್ದಾರೆ ಎಂದುಕೊಂಡಿದ್ದೆ. ಅವರು ಫೋನನ್ನೇ ಕೇಳುತ್ತಿದ್ದರು. ಒಮ್ಮೆಲೇ ಕೈ ಎತ್ತಿದರು.

"ಥಾಂಬ. ಹಿಂದ ಹೋಗು."

ಹದಿಮೂರನೆಯ ವಾಕ್ಯ. 'ತಮ್ಮ ಆಗಮನದಿಂದ ನಮಗೆ ಅತೀವ ಸಂತೋಷವಾಗಿದೆ.' ಅದರ ಕೊನೆಗೆ, ವಾಕ್ಯ ಮುಗಿದು ಧ್ವನಿಮುದ್ರಣ ನಿಲ್ಲುವ ಮೊದಲು, ಚ್ಚ್. ನಾನು ಪರಿಶೀಲಿಸುವಾಗ ಅದನ್ನು ಕೇಳಿಯೇ ಇರಲಿಲ್ಲ. ಯಂತ್ರ ಅದನ್ನು ಮಾತೆಂದು ಲೆಕ್ಕಕ್ಕೆ ಹಿಡಿದಿರಲಿಲ್ಲ, ಹಾಗಾಗಿ ತಿದ್ದಿರಲಿಲ್ಲ, ತಿರಸ್ಕರಿಸಿರಲೂ ಇಲ್ಲ.

"ಹೇ," ಎಂದರು ಕಾಕು. "ಇವ್ರ ನೋಡು. ಇನ್ನೊಮ್ಮೆ ಹಚ್ಚು."

ಅದಷ್ಟನ್ನೇ ಹದಿನಾಲ್ಕು ಸಲ ಹಚ್ಚಿದೆ. ಏಳನೆಯ ಸಲಕ್ಕೆ ಅವರು ನಗತೊಡಗಿದರು. ನಲವತ್ತು ವರ್ಷ ತಮ್ಮ ಅಡಿಗೆಗೆ ಬಂದ ಸರ್ಟಿಫಿಕೇಟ್ ಇದೊಂದೇ ಎಂದರು. ಹನ್ನೆರಡನೆಯದಕ್ಕೆ ನಗು ನಿಂತಿತು. ಸೆರಗಿನಿಂದ ಮೂಗು ಒರೆಸಿಕೊಂಡು, ಉಳಿದದ್ದು ಏನೇನು ಅಂದಿದ್ದರು ಎಂದು ಕೇಳಿದರು.

ನಾನು ದಿನಚರಿ ತೆಗೆದೆ. ಮೊದಲ ದಿನ, ಏಳು ಗಂಟೆ ಹನ್ನೆರಡು ನಿಮಿಷ, ಮನೆಯವರನ್ನು ಯಾರಾದರೂ ಕೇಳಿದರೆ ಏನು ಹೇಳುತ್ತೀರಿ. ಓದಿದೆ: ಅಕಿ ಒಳಗ ಅದಾಳ.

"ಹಂಗಲ್ಲ," ಎಂದರು ಕಾಕು. "ಅವ್ರು 'ಅದಾಳ್' ಅಂತಿದ್ರು. ಅರ್ಧಕ್ಕ ಬಿಡತಿದ್ರು. ಇನ್ನೊಮ್ಮೆ ಅನ್ನು."

ಇನ್ನೊಮ್ಮೆ ಅಂದೆ. ತಲೆ ಅಲ್ಲಾಡಿಸಿದರು. ಮತ್ತೊಮ್ಮೆ ಅಂದೆ. ಮೂರನೆಯ ಸಲಕ್ಕೆ ಹೂಂ ಎಂದರು. ಹೀಗೆ ಅಂವ ಬಂದಾನ ಆಯಿತು, ಚಾ ಇಡು ಆಯಿತು. ಒಂದೂವರೆ ಗಂಟೆಯಲ್ಲಿ ನಲವತ್ತು ವಾಕ್ಯ ಓದಿದೆ. ಇಪ್ಪತ್ತೆಂಟನ್ನು ಅವರು ಮೊದಲ ಸಲಕ್ಕೆ ಒಪ್ಪಲಿಲ್ಲ. ನನ್ನ ಸ್ವಂತ ಊರಿನ ಮಾತು ನನ್ನ ಬಾಯಲ್ಲಿ ಸರಿಯಾಗಿ ಬರುವುದಿಲ್ಲ ಎಂದು ನನಗೆ ಇವತ್ತು ತಿಳಿಯಿತು. ಉಳಿದ ೧೫೫ ಬಾಕಿ ಇವೆ. ಮುಂದಿನ ರವಿವಾರ ಬಾ ಎಂದಿದ್ದಾರೆ.

ಆದರೆ ನಾನು ಓದುವುದು ಅವರ ಧ್ವನಿ ಅಲ್ಲ. ಅದು ಕಾಕುಗೂ ಗೊತ್ತು.

ಅದಕ್ಕಾಗಿ ಇದನ್ನು ಪತ್ರಿಕೆಗೆ ಕಳಿಸುತ್ತಿದ್ದೇನೆ, ಓದುವವರಲ್ಲಿ ಒಂದು ಕೇಳುವುದಿದೆ. ಐಗಳಿ, ಶೇಡಬಾಳ, ಚಿಕ್ಕೋಡಿ, ನಿಪ್ಪಾಣಿ ಕಡೆ ಲೂನಾದ ಮೇಲೆ ಟಿವಿ ಕಟ್ಟಿಕೊಂಡು ಬಂದು, ಕಬ್ಬಿನ ತುಂಡು ಹಿಡಿದು, ಇಂಗ್ಲಿಷ್ ಪಿಕ್ಚರಿಗೆ ಬೈಯುತ್ತಿದ್ದ ಒಬ್ಬ ಮನುಷ್ಯ ನಿಮಗೆ ನೆನಪಿದ್ದರೆ ಪತ್ರಿಕೆಯ ವಿಳಾಸಕ್ಕೆ ನನಗೆ ಬರೆಯಿರಿ. ಆಗ ಟೇಪ್ ರೆಕಾರ್ಡರ್ ಇದ್ದ ಮನೆಗಳಿದ್ದವು. ಯಾವುದಾದರೂ ಮದುವೆಯಲ್ಲಿ, ಗಣಪತಿಯ ಮುಂದೆ, ಯಾರಾದರೂ ಹುಡುಗಾಟಕ್ಕೆ ಗುಂಡಿ ಒತ್ತಿದ್ದಿರಬಹುದು. ಒಂದು ಮಾತು ಇದ್ದರೂ ಸಾಕು, ಬಸ್ಸಿನ ಸದ್ದು, ನಾಯಿಯ ಸದ್ದು, ಏನೇ ಸೇರಿರಲಿ. ಸ್ವಚ್ಛ ಮಾಡಿ ಕಳಿಸಬೇಡಿ. ಇದ್ದ ಹಾಗೆ ಕಳಿಸಿ.